ನಮ್ಮವ್ವನ ಮೂಗು ಮತ್ತು ಐವತ್ತು ಅಂಕದ ಬಿಯರು

ಇದು ಬಿಯರು ಕುಡಿದದ್ದರ ಬಗ್ಗೆ ಬರೆದದ್ದು. ಮೊದಲೇ ಹೇಳಿಬಿಡುವುದು ಒಳ್ಳೆಯದು. ನಮ್ಮ ಹಿರಿಯರು 'ಹೆಂಡ ಬೇಡ, ವಸತಿ ಶಾಲೆ ಬೇಕು' ಅಂತ ಕೂಗುತ್ತಾ ಬೀದಿಯಲ್ಲಿ ನಡೆದರು. ಅದರಿಂದಲೇ ನಾವು ಹಾಸ್ಟೆಲ್ಲಿನ ಅನ್ನ ಉಂಡು ಬಿ.ಎ. ಮುಗಿಸಿದವರು. ಅಂಥವರು ಗ್ಲಾಸು ಹಿಡಿದು, ಮೂಸಿ, ಗುಟುಕರಿಸಿ, ಅಂಕ ಹಾಕಿ ಬಂದೆವು ಅಂದರೆ ಓದುವವರಿಗೆ ಸಿಟ್ಟು ಬರಬಹುದು. ಬರಲಿ. ಸಿಟ್ಟು ಇಟ್ಟುಕೊಂಡೇ ಓದಿ.

ನಾವು ಅಂದರೆ ತುಮಕೂರಿನಲ್ಲಿ ಹಾಸ್ಟೆಲ್ಲಿನ ಒಂದೇ ರೂಮಿನಲ್ಲಿ ಮೂರು ವರ್ಷ ಮಲಗಿದ್ದ ಮೂರು ಜನ. ಮೂವರ ಮನೆಯಲ್ಲೂ ನಮಗಿಂತ ಮುಂಚೆ ಡಿಗ್ರಿ ಕಂಡವರಿಲ್ಲ. ಮೂವರ ಅಪ್ಪಂದಿರೂ ಪ್ಯಾಕೆಟ್ ಸಾರಾಯಿಗೆ ಬಿದ್ದವರು. ಇಬ್ಬರು ಕುಡಿತದಲ್ಲೇ ಹೋದರು. ಅದಕ್ಕೇ ಒಬ್ಬನಿಗೆ ಆದದ್ದನ್ನು ಮೂವರದು ಅಂತಲೇ ಬರೆಯುತ್ತಿದ್ದೇವೆ. ನಮ್ಮವ್ವ ಅಂದರೆ ಮೂವರಿಗೂ ಅವ್ವನೇ.

ಬೆಂಗಳೂರಿನಲ್ಲಿ ಅಲ್ಲೇ ಬಿಯರು ಮಾಡಿ ಅಲ್ಲೇ ಮಾರುವ ಜಾಗಗಳು 2010ರ ಈಚೆಗೆ ಹುಟ್ಟಿಕೊಂಡಿವೆ. ಮೈಕ್ರೋಬ್ರೂವರಿ ಅಂತಾರೆ. 2024ರಲ್ಲಿ ನಾಮಫಲಕದಲ್ಲಿ ಶೇಕಡ 60 ಕನ್ನಡ ಇರಲೇಬೇಕೆಂಬ ಕಾನೂನು ಬಂದ ಮೇಲೆ ಅಂಥದೊಂದು ಜಾಗದವರಿಗೆ, ಬೋರ್ಡಿನ ಜೊತೆಗೆ ಬಿಯರುಗಳ ಪಟ್ಟಿಯನ್ನೂ ಕನ್ನಡದಲ್ಲಿ ಬರೆಸೋಣ ಅನ್ನಿಸಿತಂತೆ. ನಮ್ಮ ಪದ್ಯ ಓದಿದ್ದ ಯಾರೋ ನಮ್ಮ ಹೆಸರು ಹೇಳಿದರು. ಆರು ಬಿಯರು. ರುಚಿ ನೋಡಿ ಒಂದೊಂದಕ್ಕೆ ಎರಡು ಸಾಲು ಬರೆಯಬೇಕು. ಮೂರು ಸಾವಿರ ರೂಪಾಯಿ. ನಮ್ಮ ಯಾವ ಪದ್ಯಕ್ಕೂ ಯಾರೂ ಅಷ್ಟು ಕೊಟ್ಟಿರಲಿಲ್ಲ. ಒಪ್ಪಿಕೊಂಡೆವು.

ಹೋದ ತಕ್ಷಣ ಕಣ್ಣು ಬಿದ್ದದ್ದು ರೇಟಿನ ಮೇಲೆ. ಆ ವರ್ಷ, 2024-25ರಲ್ಲಿ, ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 349 ರೂಪಾಯಿ. ಅಲ್ಲಿ ಒಂದು ದೊಡ್ಡ ಗ್ಲಾಸು ಹೆಚ್ಚು ಕಮ್ಮಿ ಅಷ್ಟೇ. ಅವ್ವ ಬೆಳಗಿಂದ ಕೆರೆಯ ಹೂಳು ಹೊತ್ತರೆ ಒಂದು ಗ್ಲಾಸು ಬಿಯರು.

ಬಿಯರು ಮಾಡುವ ಹುಡುಗ ಒಳ್ಳೆಯವನು. ನಮ್ಮ ವಯಸ್ಸಿನವನೇ. ತಾಮ್ರದ ಬಣ್ಣದ ಕೊಪ್ಪರಿಗೆಗಳ ಹತ್ತಿರ ಕರೆದುಕೊಂಡು ಹೋಗಿ ಎಲ್ಲ ತೋರಿಸಿದ. ಬಾರ್ಲಿಯನ್ನು ನೆನೆಹಾಕಿ ಮೊಳಕೆ ಬರಿಸುತ್ತಾರೆ. ಮೊಳಕೆ ಉದ್ದವಾಗುವ ಮುಂಚೆ ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ಅದೇ ಮಾಲ್ಟ್. ಅದನ್ನು ನುಚ್ಚು ಮಾಡಿ ಬಿಸಿನೀರಿನಲ್ಲಿ ಇಟ್ಟರೆ ಕಾಳಿನೊಳಗಿನ ಹಿಟ್ಟು ಸಕ್ಕರೆಯಾಗುತ್ತದೆ. ಆ ಸಿಹಿನೀರನ್ನು ಬಸಿದು, ಹಾಪ್ಸ್ ಎಂಬ ಬಳ್ಳಿಯ ಹೂವು ಹಾಕಿ ಕುದಿಸುತ್ತಾರೆ. ಬಿಯರಿನ ಕಹಿ ಅದರದು, ಬೇಗ ಕೆಡದಂತೆ ಕಾಯುವುದೂ ಅದೇ. ತಣ್ಣಗಾದ ಮೇಲೆ ಯೀಸ್ಟ್ ಬಿಡುತ್ತಾರೆ. ಯೀಸ್ಟು ಸಕ್ಕರೆ ತಿಂದು ಅಮಲನ್ನೂ ಗಾಳಿಗುಳ್ಳೆಯನ್ನೂ ಕೊಡುತ್ತದೆ. ಜರ್ಮನಿಯ ಬವೇರಿಯಾದಲ್ಲಿ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಹಾಕಕೂಡದು ಅಂತ 1516ರಲ್ಲೇ ಕಟ್ಟಳೆ ಮಾಡಿದ್ದರು.

ನಮಗೆ ಇದೇನು ಹೊಸದಲ್ಲ ಅನ್ನಿಸಿತು. ನಮ್ಮವ್ವ ರಾಗಿ ನೆನೆಹಾಕಿ, ಬಟ್ಟೆಯಲ್ಲಿ ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಕೂಸಿಗೆ ಗಂಜಿ ಕಾಯಿಸುವುದು ಹೀಗೇ. ಅರ್ಧ ದಾರಿ ಒಂದೇ. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು. ಅಲ್ಲಿ ಉಗಾಂಡದ ಇಟೇಸೋ ಜನ ರಾಗಿಯಿಂದಲೇ ಅಜೋನ್ ಎಂಬ ಬಿಯರು ಮಾಡುತ್ತಾರೆ. ನಡುವೆ ಒಂದೇ ಮಡಕೆ ಇಟ್ಟು, ಸುತ್ತ ಕೂತು, ಉದ್ದುದ್ದನೆ ಕೊಳವೆಗಳಿಂದ ಹೀರುತ್ತಾರೆ. ನೇಪಾಳ, ಸಿಕ್ಕಿಂ ಕಡೆಯ ಲಿಂಬು ಜನರ ತೋಂಗ್ಬಾ ಕೂಡ ರಾಗಿಯದೇ. ಹುದುಗಿದ ರಾಗಿಯ ಮೇಲೆ ಬಿಸಿನೀರು ಹೊಯ್ದು ಕೊಳವೆಯಿಂದ ಕುಡಿಯುತ್ತಾರೆ. ಸುತ್ತ ಕೂತು ಒಂದೇ ಮಡಕೆ ಅಂತ ಕೇಳಿದಾಗ ನಮಗೆ ತಾತನ ನೆನಪು ಬಂತು. ಊರಿನ ಹೋಟೆಲಿನಲ್ಲಿ ತಾತನ ಲೋಟ ಬೇರೆ. ಕುಡಿದು, ತಾನೇ ತೊಳೆದು, ಸೂರಿನ ಸಂದಿಗೆ ಸಿಕ್ಕಿಸಿ ಬರಬೇಕಿತ್ತು.

ಆಮೇಲೆ ರುಚಿ ನೋಡುವ ಮೇಜಿಗೆ ಕೂತೆವು. ನಮ್ಮ ಜೊತೆ ಇನ್ನೂ ನಾಲ್ಕು ಜನ ಇದ್ದರು. ಬಿಯರು ಕುಡಿದು ಅದರ ಬಗ್ಗೆ ಬರೆಯುವುದೇ ಅವರ ಹವ್ಯಾಸ. ಎಲ್ಲರ ಮುಂದೆ ಒಂದು ಹಾಳೆ. ಅಮೆರಿಕದಲ್ಲಿ 1985ರಲ್ಲಿ ಶುರುವಾದ ಬಿಯರು ತೀರ್ಪುಗಾರರ ಸಂಸ್ಥೆಯೊಂದಿದೆ, ಬಿಜೆಸಿಪಿ ಅಂತ. ಹಾಳೆ ಅವರ ಲೆಕ್ಕದ್ದು. ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಿಗೆ ಹತ್ತುವ ಬಗೆಗೆ 5, ಒಟ್ಟಾರೆಗೆ 10. ಕೂಡಿದರೆ 50. ನೋಟಕ್ಕೆ ಬರೀ ಮೂರು! ಮನುಷ್ಯರಿಗೆ ಅಂಕ ಹಾಕುವವರೂ ಈ ಲೆಕ್ಕ ಇಟ್ಟುಕೊಂಡಿದ್ದರೆ ನಮ್ಮಲ್ಲಿ ಎಷ್ಟೋ ಜನ ಪಾಸಾಗುತ್ತಿದ್ದರು.

ಕುಡಿಯುವುದಕ್ಕೂ ಕ್ರಮ ಇದೆ. ನೊರೆ ಇಳಿಯುವ ಮುಂಚೆಯೇ ಮೂಗು ಹತ್ತಿರ ತರಬೇಕು. ಒಂದೇ ಸಲ ಎಳೆಯದೆ ಸಣ್ಣಗೆ ಎರಡು ಮೂರು ಸಲ ಮೂಸಬೇಕು. ಒಂದು ಗುಟುಕನ್ನು ನಾಲಿಗೆಯ ಮೇಲೆಲ್ಲ ಹರಿಸಬೇಕು. ವೈನಿನವರ ಹಾಗೆ ಉಗುಳಬಾರದು, ನುಂಗಬೇಕು. ಕಹಿ ಎಷ್ಟು ಹೊತ್ತು ನಿಂತಿತು ಅನ್ನುವುದು ನುಂಗಿದ ಮೇಲೆ ತಿಳಿಯುವುದು. ತಪ್ಪುಗಳಿಗೂ ಗುರುತು ಇವೆ. ಬೆಣ್ಣೆಯ ವಾಸನೆ ಜಾಸ್ತಿಯಾದರೆ ಯೀಸ್ಟು ಕೆಲಸ ಮುಗಿಸಿಲ್ಲ. ನೆಂದ ರಟ್ಟಿನ ವಾಸನೆ ಬಂದರೆ ಗಾಳಿ ತಾಗಿ ಹಳಸಿದೆ. ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿ ಹುಟ್ಟಿದ ಮೈಕೆಲ್ ಜಾಕ್ಸನ್ ಎಂಬ ಪತ್ರಕರ್ತ, ಆ ಹಾಡುಗಾರನಲ್ಲ, 1977ರಲ್ಲಿ ಲೋಕದ ಬಿಯರುಗಳನ್ನೆಲ್ಲ ಬಗೆಬಗೆಯಾಗಿ ವಿಂಗಡಿಸಿ ಪುಸ್ತಕ ಬರೆದ. ಕೂಲಿಯವರ ಕುಡಿತ ಅನ್ನಿಸಿಕೊಂಡಿದ್ದ ಬಿಯರಿಗೆ ವೈನಿನ ಪಕ್ಕದಲ್ಲಿ ಕುರ್ಚಿ ಹಾಕಿಸಿದವನು ಅವನು. ಮಾತಿಗೆ ಎಷ್ಟು ಶಕ್ತಿ ಇದೆ ನೋಡಿ.

ಮೊದಲು ಬಂದದ್ದು ಬವೇರಿಯಾ ಮಾದರಿಯ ಗೋಧಿ ಬಿಯರು. ಬಾಳೆಹಣ್ಣು, ಲವಂಗದ ವಾಸನೆ. ಎರಡನ್ನೂ ಹಾಕಿಲ್ಲ, ಎಲ್ಲ ಯೀಸ್ಟಿನ ಆಟ. 'ಜಾತ್ರೆ ದಿನ ಬಾಳೆಗೊನೆ ಕಟ್ಟಿದ ಚಪ್ಪರದ ಕೆಳಗೆ ನಿಂತಂತೆ' ಅಂತ ಬರೆದೆವು. ಹಾಪ್ಸ್ ಜಾಸ್ತಿ ಇದ್ದದ್ದಕ್ಕೆ 'ಬೇವಿನ ಚಿಗುರಿಗೆ ಕಿತ್ತಳೆ ಸಿಪ್ಪೆ ಹಿಂಡಿದಂತೆ' ಅಂದೆವು. ಹುರಿದ ಬಾರ್ಲಿಯ ಕಪ್ಪು ಬಿಯರಿಗೆ 'ತಳ ಹತ್ತಿದ ಮುದ್ದೆಯ ಸೀಕಲು, ಆಮೇಲೆ ಸಕ್ಕರೆ ಹಾಕದ ಕಾಫಿ'. ಮೇಜಿನವರು ಚಪ್ಪಾಳೆ ತಟ್ಟಿದರು. ಮ್ಯಾನೇಜರು 'ಬ್ಯೂಟಿಫುಲ್, ಬ್ಯೂಟಿಫುಲ್' ಅಂದರು. ಸುಳ್ಳು ಯಾಕೆ ಹೇಳಬೇಕು, ನಮಗೂ ಖುಷಿಯಾಯಿತು. ನಮ್ಮ ನಾಲಿಗೆಗೂ ಒಂದು ಬೆಲೆ ಇದೆ ಅನ್ನಿಸಿತು.

ಆರನೆಯದು ಹುಳಿ ಬಿಯರು. ಬೆಲ್ಜಿಯಂ ದೇಶದ ಬ್ರಸೆಲ್ಸ್ ಸುತ್ತ ಮುತ್ತ ಲ್ಯಾಂಬಿಕ್ ಅಂತ ಒಂದು ಬಗೆ ಇದೆ. ಕಾಯಿಸಿದ ಸಿಹಿನೀರನ್ನು ಅಗಲವಾದ ತೆರೆದ ತೊಟ್ಟಿಯಲ್ಲಿ ರಾತ್ರಿಯೆಲ್ಲ ಬಿಟ್ಟು, ಗಾಳಿಯಲ್ಲಿರುವ ಯೀಸ್ಟುಗಳೇ ಬಂದು ಬೀಳಲಿ ಅಂತ ಕಾಯುತ್ತಾರೆ. ಅದರಲ್ಲಿ ಕೆಲಸ ಮಾಡುವ ಒಂದು ಕಾಡು ಯೀಸ್ಟಿನ ಹೆಸರು ಬ್ರೆಟನೋಮೈಸಿಸ್. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಕ್ಲಾಸೆನ್ ಎಂಬುವನು 1904ರಲ್ಲಿ ಇಂಗ್ಲೆಂಡಿನ ಬಿಯರನ್ನು ಪರೀಕ್ಷೆ ಮಾಡಿ ಇಟ್ಟ ಹೆಸರು. ನಮ್ಮ ಮುಂದೆ ಇದ್ದದ್ದು ಆ ಯೀಸ್ಟು ಬಿಟ್ಟು ತಿಂಗಳುಗಟ್ಟಲೆ ಮಾಗಿಸಿದ್ದು.

ಮೇಜಿನವರು ಗ್ಲಾಸು ಮೂಸಿ ಕಣ್ಣು ಮುಚ್ಚಿದರು. ಒಬ್ಬರು 'ಹಾರ್ಸ್ ಬ್ಲ್ಯಾಂಕೆಟ್' ಅಂದರು. ಕುದುರೆಗೆ ಹೊದಿಸಿದ ಕಂಬಳಿ. ಇನ್ನೊಬ್ಬರು 'ಬಾರ್ನ್‌ಯಾರ್ಡ್' ಅಂದರು. ಕೊಟ್ಟಿಗೆ. ಮೂರನೆಯವರು 'ವಂಡರ್‌ಫುಲ್ ಲೆದರ್' ಅಂದರು. ಇವೆಲ್ಲ ಬೈಗುಳ ಅಲ್ಲ ಗೆಳೆಯರೇ, ಹೊಗಳಿಕೆ. ಈ ವಾಸನೆಗಳಿಗೆ ಅಲ್ಲಿ ಹನ್ನೆರಡಕ್ಕೆ ಹತ್ತು, ಹನ್ನೊಂದು ಅಂಕ.

ನಾವು ಮೂಸಿದೆವು. ಎದುರಿಗೆ ಬಂದು ನಿಂತದ್ದು ನಮ್ಮ ತಾತನ ತೊಟ್ಟಿ. ತಾತ ಸತ್ತ ದನದ ತೊಗಲು ತಂದು, ಸುಣ್ಣದ ನೀರಿನಲ್ಲಿ ಹಾಕಿ ಕೂದಲು ತೆಗೆದು, ತಂಗಡಿ ಗಿಡದ ತೊಗಟೆ ಜಜ್ಜಿ ಹಾಕಿದ ನೀರಿನಲ್ಲಿ ದಿನಗಟ್ಟಲೆ ನೆನೆಸಿ ಹದ ಮಾಡುತ್ತಿದ್ದ. ಊರಿನವರ ಎಕ್ಕಡ, ಎತ್ತಿನ ಮಿಣಿ, ಬಾರುಕೋಲು ಎಲ್ಲ ಅಲ್ಲಿಂದಲೇ ಬರಬೇಕು. ಬಿಯರು, ವೈನಿನವರು ಒಗರಿಗೆ ಟ್ಯಾನಿನ್ ಅನ್ನುತ್ತಾರಲ್ಲ, ಆ ಮಾತು ಹುಟ್ಟಿದ್ದೇ ತೊಗಲು ಹದ ಮಾಡುವ ಕಸುಬಿನಿಂದ. ತಾತನ ಕೈಯ ಒಗರು ಅವರ ಹಾಳೆಯಲ್ಲಿ ಕೂತಿದೆ, ತಾತ ಮಾತ್ರ ಇಲ್ಲ. ಆ ತೊಟ್ಟಿಯ ವಾಸನೆ ನಮ್ಮ ಅಂಗಿಯಲ್ಲೂ ಇತ್ತಂತೆ. ಶಾಲೆಯಲ್ಲಿ ಪಕ್ಕದ ಹುಡುಗ ಮೂಗು ಹಿಡಿದುಕೊಂಡು ಎದ್ದು ಹೋಗಿ ಬೇರೆ ಸಾಲಿನಲ್ಲಿ ಕೂತ. ಮೇಷ್ಟ್ರು ಅವನನ್ನು ಕರೆಯಲಿಲ್ಲ. ಅವ್ವ ಸೀಗೆಪುಡಿ ಹಾಕಿ ಚರ್ಮ ಕೆಂಪಾಗುವ ತನಕ ನಮ್ಮ ಮೈ ಉಜ್ಜಿದಳು.

ಅದನ್ನೆಲ್ಲ ಬರೆಯಲಿಲ್ಲ. ಎರಡೇ ಸಾಲು ಬರೆದೆವು. ಮ್ಯಾನೇಜರು ಓದಿ ಪೆನ್ನು ತೆಗೆದು ಅಡ್ಡಗೆರೆ ಎಳೆದರು.

'ಇದು ಬೇಡ. ಊಟ ಮಾಡೋ ಜಾಗ. ತೊಗಲು, ಕೊಟ್ಟಿಗೆ ಅಂದ್ರೆ ಜನ ಎದ್ದು ಹೋಗ್ತಾರೆ.'

'ಇಂಗ್ಲಿಷಿನಲ್ಲಿ ಲೆದರ್ ಅಂತ ಹಾಕಿದ್ದೀರಲ್ಲ ಸಾರ್?'

'ಇಂಗ್ಲಿಷಲ್ಲಿ ಪರವಾಗಿಲ್ಲ. ಕನ್ನಡದಲ್ಲಿ ಮಣ್ಣಿನ ಸೊಗಡು ಅಂತ ಹಾಕೋಣ.'

ಆಮೇಲೆ ಕೇಳಿದರು, 'ನಿಮಗೆ ಈ ತೊಟ್ಟಿ ಗಿಟ್ಟಿ ಎಲ್ಲ ಹೆಂಗೆ ಗೊತ್ತು?'

ಹೇಳಿದೆವು. ಅವರು ಸುಮ್ಮನಾದರು. ಮೇಜಿನವರೂ ಸುಮ್ಮನಾಗಿ ಗ್ಲಾಸು ನೋಡತೊಡಗಿದರು. ಯಾರೂ ಎದ್ದು ಹೋಗಲಿಲ್ಲ, ಮೂಗು ಮುಚ್ಚಲಿಲ್ಲ. ಅಷ್ಟರ ಮಟ್ಟಿಗೆ ಕಾಲ ಮುಂದೆ ಬಂದಿದೆ. ಒಪ್ಪಿದ ದುಡ್ಡನ್ನೂ ಪೂರಾ ಕೊಟ್ಟರು. ಆದರೆ ಲೆದರ್ ಉಳಿಯಿತು, ತೊಗಲು ಹೋಯಿತು. ಗ್ಲಾಸಿನಲ್ಲಿದ್ದರೆ ಪರಿಮಳ, ಮೈಮೇಲಿದ್ದರೆ ಮೈಲಿಗೆ. ಕೇರಿಯ ಬದುಕಿಗೆ ಇಂಗ್ಲಿಷಿನ ಅಂಗಿ ತೊಡಿಸಿದರೆ ಮೇಜಿನ ಮೇಲೆ ಕೂರಿಸುತ್ತಾರೆ. ಅದರ ಸ್ವಂತ ಹೆಸರು ಹಿಡಿದು ಕರೆದರೆ ಬಾಗಿಲಾಚೆಗೆ ನಿಲ್ಲಿಸುತ್ತಾರೆ.

ಹೊರಗೆ ಬರುವಾಗ ಹಿಂಬಾಗಿಲಿನಲ್ಲಿ ಚೀಲ ಚೀಲ ತುಂಬಿಟ್ಟಿದ್ದರು. ಏನು ಅಂತ ಕೇಳಿದರೆ, ಸಿಹಿನೀರು ಬಸಿದ ಮೇಲೆ ಉಳಿದ ಬಾರ್ಲಿ, ದನಕ್ಕೆ ಹೋಗುತ್ತೆ ಅಂದ ಆ ಹುಡುಗ. ಬೂಸಾ! ನಮ್ಮಲ್ಲೊಬ್ಬ ನಕ್ಕುಬಿಟ್ಟ. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದದ್ದಕ್ಕೆ ಮಂತ್ರಿ ಪದವಿ ಹೋಯಿತು, ನಮ್ಮ ಹುಡುಗರಿಗೆ ಏಟು ಬಿತ್ತು. 'ನಮ್ಮ ಆ ಎರಡು ಸಾಲೂ ಈ ಚೀಲದಲ್ಲೇ ಇರಬೇಕು ಕಣ್ರಲಾ' ಅಂದ ಅವನು.

ಕಥೆ ಇಲ್ಲಿಗೆ ಮುಗಿದಿದ್ದರೆ ನಮ್ಮ ಪಾಲಿಗೆ ಸಲೀಸಾಗಿತ್ತು. ಅವರ ಮೇಲೆ ಸಿಟ್ಟು ಮಾಡಿಕೊಂಡು ಒಂದು ಪದ್ಯ ಬರೆದು ಮಲಗಬಹುದಿತ್ತು. ಆದರೆ ರಾತ್ರಿ ಬಸ್ಸಿಗೆ ಊರಿಗೆ ಹೋದೆವು. ಬಾಗಿಲಲ್ಲಿ ಅವ್ವ ಇದ್ದಳು.

ಅವ್ವನ ಮೂಗಿನ ಬಗ್ಗೆ ಹೇಳಬೇಕು. ಸರ್ಕಾರ ಸಾರಾಯಿ ನಿಲ್ಲಿಸಿದ್ದು 2007ರ ಜುಲೈ 1ರಂದು. ನಾವಾಗ ಎರಡನೇ ಮೂರನೇ ಕ್ಲಾಸು. ಖಾಲಿ ಪ್ಯಾಕೆಟ್ಟಿಗೆ ನೀರು ತುಂಬಿ ಆಡಿಕೊಂಡವರು. ಸಾರಾಯಿ ಹೋಯಿತು, ಕುಡಿತ ಹೋಗಲಿಲ್ಲ. ಪ್ಯಾಕೆಟ್ಟಿನ ಜಾಗಕ್ಕೆ 90 ಎಂ.ಎಲ್.ನ ರಟ್ಟಿನ ಪೊಟ್ಟಣದ ವಿಸ್ಕಿ ಬಂತು. ಬಿಯರಿನಲ್ಲಿ ಅಮಲು ನೂರಕ್ಕೆ ಐದರ ಆಸುಪಾಸು, ಇದರಲ್ಲಿ 42.8. ದಿನಾ ಸಂಜೆ ಅವ್ವ ಬಾಗಿಲಲ್ಲಿ ನಿಂತು ಅಪ್ಪನ ಉಸಿರು ಮೂಸುತ್ತಿದ್ದಳು. ಎಷ್ಟು ಕುಡಿದಿದ್ದಾನೆ, ಯಾವ ಅಂಗಡಿಯದು, ಇವತ್ತು ಅಳುತ್ತಾನೋ ಹೊಡೆಯುತ್ತಾನೋ, ಅಷ್ಟೂ ಅವಳಿಗೆ ಮೂಗಿನಲ್ಲೇ ತಿಳಿಯುತ್ತಿತ್ತು. ಹೊಡೆಯುವ ವಾಸನೆ ಇದ್ದರೆ ನಮ್ಮನ್ನು ಹಿತ್ತಿಲಿನಿಂದ ಚಿಕ್ಕಮ್ಮನ ಮನೆಗೆ ದಾಟಿಸುತ್ತಿದ್ದಳು. ಒಂದು ದಿನವೂ ತಪ್ಪಲಿಲ್ಲ. ಅವಳಿಗೆ ಯಾರೂ ತೀರ್ಪುಗಾರ್ತಿ ಅನ್ನಲಿಲ್ಲ.

ಅವತ್ತು ನಮ್ಮನ್ನೂ ಮೂಸಿದಳು. ಹೊಸಿಲು ದಾಟಲು ಬಿಡಲಿಲ್ಲ.

'ಪ್ಯಾಕೆಟ್ಟಿಂದಲ್ಲ ಇದು. ಹುಳಿ ಹಿಟ್ಟಿನಂಗೈತೆ. ತೊಗಲು ನೆನೆಹಾಕ್ದಂಗೈತೆ. ಏನ್ರಲಾ ಕುಡುದ್ ಬಂದ್ರಿ?'

ಅವರು ಹೊಡೆದುಹಾಕಿದ ಮಾತನ್ನೇ ಅವ್ವ ಹಾಳೆ ಇಲ್ಲದೆ ಹೇಳಿದ್ದಳು. ನಮಗೆ ಒಂದು ಕ್ಷಣ ಹೆಮ್ಮೆಯಾಯಿತು. 'ಕುಡುದಿದ್ದಲ್ಲ ಕಣವ್ವ, ರುಚಿ ನೋಡಿದ್ದು. ಅದೇ ಕೆಲಸ. ದುಡ್ಡು ಕೊಟ್ಟವ್ರೆ' ಅಂದು ಮೂರು ಸಾವಿರ ಚಾಚಿದೆವು.

ಅವ್ವ ದುಡ್ಡಿನ ಕಡೆ ನೋಡಲಿಲ್ಲ. 'ನಿಮ್ಮಪ್ಪಾನೂವೆ ರುಚಿ ನೋಡ್ತೀನಿ ಅಂತ್ಲೇ ಸುರು ಮಾಡಿದ್ದು' ಅಂದಳು. ಒಳಗೆ ಹೋಗಿ ಮುದ್ದೆಗೆ ಎಸರಿಟ್ಟಳು.

ಈ ಮಾತಿಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಮೂವರಲ್ಲಿ ಒಬ್ಬ ಅನ್ನುತ್ತಾನೆ, ಮತ್ತೆ ಮತ್ತೆ ಹೋಗಬೇಕು, ತೊಗಲು ಅನ್ನುವ ಮಾತನ್ನು ಅವರು ಅಚ್ಚು ಹಾಕುವ ತನಕ ಬರೆಯಬೇಕು, ರುಚಿಯ ಮಾತನ್ನು ಅವರಿಗೇ ಬಿಟ್ಟುಕೊಡಬಾರದು ಅಂತ. ಇನ್ನೊಬ್ಬ, ಅಪ್ಪನನ್ನು ನುಂಗಿದ ಸಾಮಾನು ಯಾವ ಗ್ಲಾಸಿನಲ್ಲಿ ಬಂದರೂ ಅದೇ, ಆ ಬಾಗಿಲು ತುಳಿಯುವುದಿಲ್ಲ ಅನ್ನುತ್ತಾನೆ. ಮೂರನೆಯವನು ಇಬ್ಬರ ಮಾತನ್ನೂ ಕೇಳಿಸಿಕೊಂಡು ಇದನ್ನು ಬರೆಯುತ್ತಿದ್ದಾನೆ.

ಹಳ್ಳಿ ಶಾಲೆಗಳಲ್ಲಿ ಪಾಠ ಮಾಡುವ ಗೆಳೆಯರಲ್ಲಿ ಒಂದು ಮಾತು ಕೇಳುತ್ತೇವೆ. ಮಕ್ಕಳಿಗೆ ಮಲ್ಲಿಗೆಯ ವಾಸನೆ ಬಗ್ಗೆ ಪ್ರಬಂಧ ಬರೆಸುತ್ತೀರಿ. ಒಂದು ದಿನ ಅವರವರ ಮನೆಯ ವಾಸನೆ ಬರೆಸಿ. ಕೆಂಪು ಪೆನ್ನನ್ನು ಅವತ್ತು ಜೇಬಿನಲ್ಲೇ ಇಡಿ.

ಅವರು ಅಡ್ಡಗೆರೆ ಎಳೆದ ಸಾಲನ್ನು ಇಲ್ಲಿ ಅಚ್ಚು ಮಾಡಿಸುತ್ತಿದ್ದೇವೆ, ನಾವು ಹಾಕಿದ ಅಂಕದ ಜೊತೆಗೆ:

ಆರನೇ ಬಿಯರು. ತಂಗಡಿ ತೊಗಟೆಯ ನೀರಿನಲ್ಲಿ ನೆಂದ ತೊಗಲು, ಮಳೆ ಹೊಯ್ದ ದಿನದ ಕೊಟ್ಟಿಗೆ. ಹುಳಿ ಮೊದಲು, ಒಗರು ಆಮೇಲೆ, ಬಹಳ ಹೊತ್ತು ನಿಲ್ಲುತ್ತದೆ. ವಾಸನೆಗೆ 11. ನೋಟಕ್ಕೆ 2. ರುಚಿಗೆ 15. ಬಾಯಿಗೆ 4. ಒಟ್ಟಾರೆಯ 10 ಅವ್ವನ ಕೈಯಲ್ಲಿದೆ, ಅವಳು ಇನ್ನೂ ಹಾಕಿಲ್ಲ.