ಅಂಗಳದ ದಾಸವಾಳಕ್ಕೆ ಬಂದ ಅತಿಥಿ

ಮೈಸೂರಿನ ಹೆದ್ದಾರಿ ಪುತ್ತೂರನ್ನು ದಾಟಿ ಸುಳ್ಯದತ್ತ ಸಾಗಿದಂತೆ ಇಕ್ಕೆಲಗಳಲ್ಲಿಯೂ ಅಡಕೆಯ ತೋಟಗಳು, ಗೇರುಮರದ ಗುಡ್ಡಗಳು, ಸಾಲುಹಿಡಿದ ರಬ್ಬರು ಮರಗಳು ಗೋಚರಿಸುತ್ತವೆ. ಕಡಬದ ಕಡೆಗೆ ಹೊರಳಿದರೆ ಕುಮಾರಧಾರೆಯ ಹರಹು; ಅದರಾಚೆ ಘಟ್ಟದ ನೀಲಿ. ಈ ಸೀಮೆಯ ಮನೆಯಂಗಳದ ದಾಸವಾಳಕ್ಕೆ ಎಳೆಬಿಸಿಲು ತಾಗುವ ಹೊತ್ತಿಗೆ ತಪ್ಪದೆ ಬರುವ ಅತಿಥಿಯೊಂದುಂಟು. ರಜೆಗೆಂದು ಅಜ್ಜನ ಮನೆಗೆ ಬಂದ ಪಟ್ಟಣದ ಮಕ್ಕಳು ಅದರ ಚಿತ್ರ ಹಿಡಿದು, “ಹಮ್ಮಿಂಗ್ ಬರ್ಡ್!” ಎಂದು ಕುಣಿಯುತ್ತಾರೆ.

ಆದರೆ ಆ ಹಕ್ಕಿ ಅಮೆರಿಕ ಖಂಡಗಳನ್ನು ಬಿಟ್ಟು ಬೇರೆಲ್ಲಿಯೂ ಇಲ್ಲ. ಅದರ 300ಕ್ಕೂ ಹೆಚ್ಚು ಜಾತಿಗಳಲ್ಲಿ ಹಲವಕ್ಕೆ ಆಂಡಿಸ್ ಪರ್ವತಶ್ರೇಣಿಯೇ ತವರು. ನಮ್ಮ ಅಂಗಳದ್ದು ಸೂರಕ್ಕಿ. ಎರಡಕ್ಕೂ ಹತ್ತಿರದ ನೆಂಟಸ್ತಿಕೆಯಿಲ್ಲ. ಮಕರಂದ ಹೀರುವ ಕಸುಬೇ ಎರಡಕ್ಕೂ ಸೂಜಿಯಂಥ ಕೊಕ್ಕನ್ನು ಕೊಟ್ಟಿದೆ. ಅದು ಗಾಳಿಯಲ್ಲಿ ನಿಂತು ಉಣ್ಣುತ್ತದೆ. ಇದು ಹೆಚ್ಚಾಗಿ ರೆಂಬೆಯನ್ನು ಹಿಡಿದು ಕುಳಿತೇ ಉಣ್ಣುತ್ತದೆ.

ಸೂರಕ್ಕಿಗಳಲ್ಲಿಯೂ ಬಗೆಗಳುಂಟು. ಚಿತ್ರದ ಬಣ್ಣವನ್ನೇ ನಂಬಿದವರು ಮೋಸಹೋಗುತ್ತಾರೆ. ಗಂಡಿನ ಮಿರುಗು ಬೆಳಕಿನ ಆಟ. ನೆರಳಿನಲ್ಲಿ ಅದು ಬರಿಯ ಕಪ್ಪು. ಆದುದರಿಂದ ಮೊದಲು ಕೊಕ್ಕನ್ನು ನೋಡಬೇಕು. ಉದ್ದವಾಗಿ ಕುಡುಗೋಲಿನಂತೆ ಬಾಗಿದ್ದು, ಹೊಟ್ಟೆ ಕಂದಾಗಿದ್ದರೆ ಲೋಟನ್ನನ ಸೂರಕ್ಕಿ. ಸಿಂಹಳದಲ್ಲಿ ಡಚ್ಚರ ಗವರ್ನರನಾಗಿದ್ದ ಲೋಟನ್ನನ ಹೆಸರನ್ನು ಲಿನೇಯಸ್ 1766ರಲ್ಲಿ ಅದಕ್ಕಿಟ್ಟನು. ಕೊಕ್ಕು ಗಿಡ್ಡವಾಗಿ, ಮೈಯೆಲ್ಲ ಕಡುನೀಲಿಯಾಗಿದ್ದರೆ ನೇರಳೆ ಸೂರಕ್ಕಿ. ಹೊಟ್ಟೆ ಹಳದಿಯಾಗಿ, ಬೆನ್ನು ಕಡುಗೆಂಪಾಗಿ, ಉದ್ದ ಸುಮಾರು 8 ಸೆಂಟಿಮೀಟರಷ್ಟೇ ಇದ್ದರೆ ಕೆಂಬೆನ್ನಿನ ಪುಟ್ಟ ಸೂರಕ್ಕಿ. ಹೆಣ್ಣುಗಳದ್ದು ಮಾತ್ರ ಕಠಿನ ಪರೀಕ್ಷೆ. ಎಲ್ಲವೂ ಮಾಸಲು ಉಡುಪಿನವು. ಆದರೂ ಪುಟ್ಟ ಸೂರಕ್ಕಿಯ ಹೆಣ್ಣನ್ನು ಸೊಂಟದ ಕೆಂಪಿನಿಂದ ಗುರುತಿಸಬಹುದು.

ಇಷ್ಟು ಸೂಕ್ಷ್ಮವೇಕೆ? ಈ ಕೆಂಬೆನ್ನಿನ ಹಕ್ಕಿಗೆ ಪಶ್ಚಿಮಘಟ್ಟವನ್ನು ಬಿಟ್ಟರೆ ಭೂಮಂಡಲದಲ್ಲಿ ಬೇರೆ ಮನೆಯಿಲ್ಲ. ಪರದೇಶದ ಹೆಸರಿನಿಂದ ಕರೆದಾಗ, ಜಗತ್ತಿನಲ್ಲಿ ಮತ್ತೆಲ್ಲಿಯೂ ಸಿಗದ ಜೀವವೊಂದು ತಮ್ಮ ಅಂಗಳಕ್ಕೆ ಬಂದುದು ಮನೆಯವರಿಗೇ ತಿಳಿಯದು. ನಾಳೆ ಅದು ಬಾರದೆ ಹೋದರೂ ತಿಳಿಯದು. ಹೆಸರಿಲ್ಲದವರ ಗೈರುಹಾಜರಿಯನ್ನು ಬರೆದಿಡುವವರಾರು?

ಮುಂದಿನ ರಜೆಯಲ್ಲಿ ಮಕ್ಕಳು ಒಂದಕ್ಕೆ ಮೂರು ಚಿತ್ರ ತೆಗೆಯಲಿ: ಕೊಕ್ಕಿನದೊಂದು, ಹೊಟ್ಟೆಯದೊಂದು, ಬೆನ್ನಿನದೊಂದು. ಊರು, ದಿನ, ಹೂವಿನ ಹೆಸರನ್ನೂ ಬರೆದಿಡಲಿ. ಹೂವಿನ ಹೆಸರನ್ನು ಅಜ್ಜಿಯೇ ಹೇಳಿಯಾರು.