ಬಂದಾಗ

ನಲವತ್ತೆಂಟರ ವಯಸ್ಸಿನಲ್ಲಿ ಹೊಸ ಭಾಷೆ ಕಲಿಯಹೊರಟವನನ್ನು ಕಂಡು ನಗುವುದು ಲೋಕಧರ್ಮ. ಅದರಲ್ಲಿಯೂ ಇಪ್ಪತ್ತು ವರ್ಷ ಕನ್ನಡ ವ್ಯಾಕರಣ ಬೋಧಿಸಿದವನು ಸ್ಪ್ಯಾನಿಷ್ ಕಾಪಿ ಪುಸ್ತಕ ಹಿಡಿದು ಕುಳಿತರೆ ಸಹೋದ್ಯೋಗಿಗಳು ಬಿಟ್ಟಾರೆಯೆ? ಆದರೆ ನನ್ನ ಮಗಳು ಎರಡು ವರ್ಷದ ಹಿಂದೆ ಓದಲೆಂದು ಸ್ಪೇನಿನ ಸಲಮಾಂಕಾಕ್ಕೆ ಹೋದಳು. 1492ರಲ್ಲಿ ನೆಬ್ರಿಹಾ ಎಂಬ ಪಂಡಿತನ ಸ್ಪ್ಯಾನಿಷ್ ವ್ಯಾಕರಣ ಅಚ್ಚಾದದ್ದು ಆ ಊರಿನಲ್ಲಿಯೇ. ವ್ಯಾಕರಣದ ಮೇಷ್ಟರಿಗೆ ಇಷ್ಟು ನೆಪ ಸಾಲದೆ? ವಾರಕ್ಕೊಮ್ಮೆ ನಾಲ್ಕು ವಾಕ್ಯ ಬರೆದು ಕಳುಹಿಸುತ್ತೇನೆ, ಅವಳು ತಿದ್ದುತ್ತಾಳೆ. ಹಿಂದೆ ಅವಳ ಕಾಗುಣಿತವನ್ನು ನಾನು ತಿದ್ದಿದ್ದಕ್ಕೆ ಈಗ ಬಡ್ಡಿ ಸಹಿತ ತೀರುವಳಿಯಾಗುತ್ತಿದೆ.

ಎಲ್ಲ ಸರಾಗವಾಗಿಯೇ ಇತ್ತು, ಸಬ್‌ಜಂಕ್ಟಿವ್ ಬರುವವರೆಗೆ. ಅದನ್ನು ಕಟ್ಟುವ ಬಗೆಯೇನೋ ಸುಲಭ. ಆಬ್ಲಾರ್ ಎಂದರೆ ಮಾತನಾಡು. ‘ಅವಳು ಮಾತನಾಡುತ್ತಾಳೆ’ ಎನ್ನುವುದಕ್ಕೆ ಆಬ್ಲ, ‘ಮಾತನಾಡಲಿ’ ಎನ್ನುವುದಕ್ಕೆ ಆಬ್ಲೆ. ಕೊಮೆರ್ ಎಂದರೆ ತಿನ್ನು. ‘ತಿನ್ನುತ್ತಾಳೆ’ ಕೋಮೆ, ‘ತಿನ್ನಲಿ’ ಕೋಮ. ‘ಆರ್’ ಎಂದು ಮುಗಿಯುವ ಧಾತುಗಳಿಗೆ ಎಕಾರ. ‘ಎರ್’, ‘ಇರ್’ ಎಂದು ಮುಗಿಯುವವಕ್ಕೆ ಅಕಾರ. ನಮ್ಮಲ್ಲಿ ಎರಡು ಮನೆಯವರು ಹೆಣ್ಣು ಕೊಟ್ಟು ಹೆಣ್ಣು ತರುತ್ತಾರಲ್ಲ, ಹಾಗೆ! ನಮ್ಮ ವಿಧ್ಯರ್ಥಕದ ‘ಬರಲಿ’, ಸಂಭಾವನಾರ್ಥಕದ ‘ಬಂದಾಳು’ ಎರಡರ ಕೆಲಸವನ್ನೂ ಅವರಲ್ಲಿ ಈ ಒಂದೇ ರೂಪ ಮಾಡುತ್ತದೆ. ಆಸೆಗೆ, ಅನುಮಾನಕ್ಕೆ, ಪ್ರಾರ್ಥನೆಗೆ ಇದೇ ಬೇಕು.

ತೊಡಕು ಬಂದದ್ದು ಬಳಸುವಲ್ಲಿ. “ನೀನು ಊರಿಗೆ ಬಂದಾಗ ಹಬ್ಬ ಮಾಡೋಣ” ಎಂದು ಬರೆಯಹೊರಟು ‘ಕ್ವಾಂದೊ ರೆಗ್ರೆಸಾಸ್’ ಎಂದೆ. ಅವಳು ಗೀಟು ಎಳೆದು ‘ರೆಗ್ರೆಸೆಸ್’ ಎಂದು ತಿದ್ದಿದಳು. “ಜುಲೈನಲ್ಲಿ ಬರುವುದು ಖಂಡಿತ ತಾನೆ? ಇದರಲ್ಲಿ ಅನುಮಾನವೆಲ್ಲಿ ಬಂತು?” ಎಂದು ವಾದಿಸಿದೆ. “ಖಂಡಿತವೋ ಅಲ್ಲವೋ ಅನ್ನೋದು ಪ್ರಶ್ನೆ ಅಲ್ಲಪ್ಪ. ಇನ್ನೂ ಬಂದಿಲ್ವಲ್ಲ, ಅಷ್ಟೇ,” ಎಂದಳು. ರೆಗ್ರೆಸಾಸ್ ಎಂದರೆ, ಆಗಾಗ ಬರುವವಳು ಬಂದಾಗಲೆಲ್ಲ ಎಂದು ಅರ್ಥವಂತೆ.

ನಮ್ಮ ಭಾಷೆಯ ಧಾರಾಳತನ ಆಗ ನನಗೆ ಹೊಳೆಯಿತು. ಇನ್ನೂ ಬಾರದವಳನ್ನು ನಾವು ‘ಬಂದಾಗ’ ಎನ್ನುತ್ತೇವೆ. ಭೂತಕಾಲದ ರೂಪದಲ್ಲಿ, ಹೊಸಿಲು ದಾಟಿ ಒಳಗೆ ಬಂದೇ ಬಿಟ್ಟವಳಂತೆ! ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ವ್ಯಾಕರಣ ನಮ್ಮದು. ನಮ್ಮ ಅಮ್ಮನೂ ಮಿಡಿ ಉಪ್ಪಿನಕಾಯಿಯ ಒಂದು ಭರಣಿಗೆ ಬಟ್ಟೆ ಕಟ್ಟಿ, “ಇದು ಅವಳು ಬಂದಾಗ ತೆಗೆಯೋದು” ಎಂದು ಎತ್ತಿಟ್ಟಿದ್ದಳು.

ಕಳೆದ ತಿಂಗಳು ಮಗಳು ಫೋನು ಮಾಡಿ, “ಇಲ್ಲೇ ಕೆಲಸ ಸಿಗೋ ಹಾಗಿದೆ ಅಪ್ಪ. ಈ ಸಲ ಬರೋದು ಅನುಮಾನ. ಅಜ್ಜಿಗೆ ನೀನೇ ಹೇಳು” ಎಂದಳು. ಹೇಳಬೇಕೆಂದೇ ಅಡಿಗೆಮನೆಗೆ ಹೋದೆ. ಅಮ್ಮ ಒಲೆಯ ಕಡೆ ಮುಖ ಮಾಡಿಕೊಂಡೇ, “ಏನಂತೆ? ಯಾವಾಗ ಬರ್ತಾಳಂತೆ?” ಎಂದಳು. “ಬರ್ತಾಳಮ್ಮ, ಜುಲೈಗೆ” ಎಂದುಬಿಟ್ಟೆ. ‘ಬರುತ್ತಾಳೆಂದು ನನಗೆ ನಂಬಿಕೆಯಿಲ್ಲ’ ಎನ್ನುವಾಗ ಸ್ಪ್ಯಾನಿಷಿನಲ್ಲಿ ಕ್ರಿಯಾಪದವೇ ಬದಲಾಗಬೇಕು. ನಾನೋ ನಂಬದೆಯೂ ನಿಶ್ಚಯರೂಪದಲ್ಲಿ ಹೇಳಿದ್ದೆ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಸಾರಿನ ಪಾತ್ರೆಯನ್ನು ಇಳಿಸುತ್ತ, “ಬಂದಾಳು, ಬಿಡು” ಎಂದಳು.

ನನ್ನ ವಿದ್ಯಾರ್ಥಿಗಳು ಪರೀಕ್ಷೆಯ ಕಾಗದದಲ್ಲಿ ಮಾತ್ರ ಬರೆಯುವ ಸಂಭಾವನಾರ್ಥಕ ರೂಪ ಅದು. ಮೂರನೆಯ ತರಗತಿಗೆ ಶಾಲೆ ಬಿಟ್ಟ ಅಮ್ಮ ಅದನ್ನು ಬೇಕಾದ ಕಡೆಯಲ್ಲಿಯೇ ಇಟ್ಟಿದ್ದಳು. ನನ್ನ ಸುಳ್ಳು ಅವಳಿಗೆ ಗೊತ್ತಾಗಿತ್ತು.

ಆ ವಾರ ಮಗಳಿಗೆ ‘ಕ್ವಾಂದೊ ರೆಗ್ರೆಸೆಸ್’ ಎಂದು ಸರಿಯಾಗಿಯೇ ಬರೆದೆ. ತಪ್ಪೊಂದೂ ಇಲ್ಲವೆಂದು ಅವಳು ಮೆಚ್ಚಿಕೊಂಡಳು. ಭರಣಿಯ ಬಟ್ಟೆಯನ್ನು ಅಮ್ಮ ಇನ್ನೂ ಬಿಚ್ಚಿಲ್ಲ.