ರೊಟ್ಟಿ ಫಾರ್ಮಿನ ರಗಳಿ

ಎಳ್ಳ ಅಮಾಸಿ ಇನ್ನ ಹದಿನೈದು ದಿನ ಐತಿ ಅನ್ನೂವಾಗ ನಮ್ಮ ವೈನಿ ಮನಿಗೆ ಹೋದ್ರ ಕೂಡಾಕ ಜಾಗಾ ಸಿಗಂಗಿಲ್ಲ. ಪಡಸಾಲ್ಯಾಗ ಕಡಕ್ ರೊಟ್ಟಿ, ಒಳಗಿನ ಕೋಣ್ಯಾಗ ಸಜ್ಜಿ ರೊಟ್ಟಿ, ಮಂಚದ ಮ್ಯಾಲೆ ಬಟ್ಟಿ ಹಾಸಿ ಶೇಂಗಾ ಹೋಳಿಗಿ. ಆರು ಮಂದಿ ಹೆಣ್ಣಮಕ್ಕಳು ಮುಂಜಾನೆಯಿಂದ ಬಡದಿದ್ದೇ ಬಡದಿದ್ದು. ಚರಗ ಚೆಲ್ಲಾಕ ಹೊಲಕ್ಕ ಹೋಗೂ ಮಂದಿ ಇನ್ನೂ ಹೋಗತಾರ, ಆದ್ರ ಮನಿಯಾಗ ನೂರು ರೊಟ್ಟಿ ಬಡಿಯೂ ಕೈ ಕಡಿಮಿ ಆಗ್ಯಾವ. ವೈನಿ ವ್ಯಾಪಾರ ನಡದದ್ದೇ ಹಂಗ. ಹೋದ ವರ್ಷದ ತನಕ ಆರ್ಡರ್ ಎಲ್ಲಾ ಫೋನಿನ ಮ್ಯಾಲೆ. ಹಿಟ್ಟಿನ ಕೈಲೆ ಫೋನ್ ಎತ್ತೂದು, ಕ್ಯಾಲೆಂಡರಿನ ಹಿಂದ ಬರಿಯೂದು, ಆಮ್ಯಾಲೆ ತಾವ ಬರದದ್ದು ತಮಗ ತಿಳೀದ ಇನ್ನೊಮ್ಮೆ ಫೋನ್ ಮಾಡೂದು.

ಈ ಸಲ ಅಣ್ಣನ ಮಗ, ಕಂಪ್ಯೂಟರ್ ಓದಾಕ ಹತ್ಯಾನಲ್ಲ ಅಂವ, ಒಂದು ಪೇಜ್ ಮಾಡಿ ಕೊಟ್ಟ. ಹೆಸರು, ಊರು, ಪಿನ್‌ಕೋಡ್, ಮೊಬೈಲ್, ಎಷ್ಟು ರೊಟ್ಟಿ. ಅಷ್ಟ. ನೋಡಾಕ ಭಾಳ ಛಂದ ಇತ್ತು. ಮೊದಲನೇ ವಾರ ನಾಕು ಆರ್ಡರ್ ಬಂದವು. ನಾಕೂ ಗಂಡಸರ ಹೆಸರಿನ ಮ್ಯಾಲೆ.

ಹೆಣ್ಣಮಕ್ಕಳು ಯಾಕ ಬರವಲ್ರು ಅಂತ ವೈನಿ ಒಬ್ಬೊಬ್ಬರಿಗೆ ಫೋನ್ ಹಚ್ಚಿ ಕೇಳಿದ್ರ ಎಲ್ಲಾರದೂ ಒಂದ ಉತ್ತರ: "ಅದು ತಗೊಳ್ಳವಲ್ದವಾ. ನಮಗ ಬರಂಗಿಲ್ಲ ಬಿಡು." ಈ "ನಮಗ ಬರಂಗಿಲ್ಲ" ಅನ್ನೂ ಮಾತು ಕೇಳಿದ್ರ ನನಗ ಮೈ ಉರೀತೈತಿ. ಮೂವತ್ತು ಮಂದಿ ಅಡಗಿ ಒಬ್ಬಾಕಿನ ಮಾಡಿ ಇಳಸಾಕಿ, ಸಂಘದ ಲೆಕ್ಕ ಬಾಯಿಲೆ ಹೇಳಾಕಿ, ಐದು ಖಾನೆ ತುಂಬಾಕ ಬರಂಗಿಲ್ಲ ಅಂದ್ರ ತಪ್ಪು ಆಕೀದೋ ಖಾನೇದೋ? ಬೆಂಗಳೂರಾಗ ಆರು ವರ್ಷ ನಾನು ಮಂದಿ ಬರದ ಪ್ರೋಗ್ರಾಂ ತಪಾಸಣಿ ಮಾಡೂ ಕೆಲಸಾನ ಮಾಡೀನಿ. ಅದಕ್ಕ ಒಂದು ನೋಟ್‌ಬುಕ್ ತಗೊಂಡು ಮನಿ ಮನಿಗೆ ಹೊಂಟೆ. ಫೋಟೋ ತಗದು ಕಳಸ್ರಿ ಅಂದ್ರ ಏನೂ ತಿಳಿಯಂಗಿಲ್ಲ. ಬಾಜೂಕ ಕುಂತು ಬೆರಳು ಎಲ್ಲೆಲ್ಲಿ ಹೋಗತೈತಿ ಅಂತ ನೋಡಬೇಕು.

ಮೊದಲ ಹೆಸರಿನ ಖಾನೆ. ನಮ್ಮ ಓಣ್ಯಾಗ ಕಮಲ ಅಂತ ಕನ್ನಡದಾಗ ಬರದಾಕೀದು ಹೋಗಿತ್ತು. ಲಲಿತಾ ಅಂತ ಬರದಾಕಿಗೆ ಮಾತ್ರ ಕೆಂಪು ಅಕ್ಷರದಾಗ "ಸರಿಯಾದ ಹೆಸರು ಬರೆಯಿರಿ" ಅಂತ. ಪಾಪ, ನಲವತ್ತು ವರ್ಷದಿಂದ ಇಟಗೊಂಡ ಹೆಸರು! ನಾನು ಅಲ್ಲೇ ಕುಂತು ಒಂದೊಂದ ಹಾಕಿ ನೋಡಿದೆ. ಸರಳ ಹೋತು. ಸುಮಾ ನಿಂತ್ಲು. ವನಜ ಹೋದ್ಲು. ಗಿರಿಜಾ ನಿಂತ್ಲು. ಅವಾಗ ಗೊತ್ತಾತು ನೋಡ್ರಿ: ಗುಣಿತ ಇಲ್ಲದ ಹೆಸರು ಎಲ್ಲಾ ಹೋಗತಾವ, ಗುಡಿಸು, ಕೊಂಬು, ದೀರ್ಘ ಇದ್ದವು ಎಲ್ಲಾ ನಿಲ್ಲತಾವ.

ಕಾರಣ ಏನಂದ್ರ, ಕಂಪ್ಯೂಟರಿನ ಲೆಕ್ಕದಾಗ ಕ, ಮ, ಲ ಇವು "ಅಕ್ಷರ" ಅನ್ನೂ ಗುಂಪಿನ್ಯಾಗ ಬರತಾವ. ಅವಕ್ಕ ಹಚ್ಚೂ ಗುಣಿತದ ಚಿಹ್ನೆ ಬ್ಯಾರೆ, "ಗುರುತು" ಅನ್ನೂ ಗುಂಪಿನವು. ಹುಡುಗ ಬರದ ನೇಮ ಏನಿತ್ತಂದ್ರ, ಯಾವ ಭಾಷಾದ ಅಕ್ಷರ ಇದ್ರೂ ಒಳಗ ಬಿಡು ಅಂತ. ಒಳ್ಳೆ ಮನಸ್ಸಿಲೆನ ಬರದಿದ್ದ. ಆದ್ರ ಗುರುತಿನ ಗುಂಪಿಗೆ ಬಾಗಲಾ ತಗದಿರಲಿಲ್ಲ. ಇಂಗ್ಲೀಷಿಗೆ ಅದು ಬೇಕಾಗಂಗಿಲ್ಲ, ಅದಕ್ಕ ಅಂವಗ ಹೊಳೀಲಿಲ್ಲ. ಒಂದು ಎಲ್ ಇದ್ದಲ್ಲಿ ಒಂದು ಎಮ್ ಸೇರಿಸಿದ ಕೂಡಲೇ ಲಲಿತಾ, ಸುಮಾ, ಗಿರಿಜಾ ಎಲ್ಲಾರೂ ಒಳಗ ಬಂದ್ರು.

ಉದ್ದಂದೂ ಹಂಗ ಐತಿ. ಲಕ್ಷ್ಮೀ ಅಂದ್ರ ನಮಗ ಎರಡ ಅಕ್ಷರ. ಜಾವಾಸ್ಕ್ರಿಪ್ಟ್ ಎಣಿಸಿದ್ರ ಏಳು. ಲ ಒಂದು, ಕ ಒಂದು, ಅರ್ಧ ಮಾಡೂ ಗುರುತು ಒಂದು, ಷ, ಮತ್ತೊಂದು ಗುರುತು, ಮ, ದೀರ್ಘದ ಗುಡಿಸು. ಲಕ್ಷ್ಮೀಬಾಯಿ ಅಂದ್ರ ಹನ್ನೊಂದಾತು. ಮುಂದ ಗಂಡನ ಹೆಸರು, ಅಡ್ಡಹೆಸರು ಬರಿಯೂದರಾಗ ಇಪ್ಪತ್ತರ ಮಿತಿ ಮುಗದಿರತೈತಿ. ಅಡ್ಡಹೆಸರು ಅರ್ಧಕ್ಕ ನಿಂತ ಎಷ್ಟೋ ಪಾವತಿ ನೋಡೀರಲ್ಲ ನೀವು, ಅದರ ಮೂಲ ಎಷ್ಟೋ ಸಲ ಇಲ್ಲೇ ಇರತೈತಿ. ಈ ಜಾವಾಸ್ಕ್ರಿಪ್ಟ್ ಅನ್ನೂ ಭಾಷಾದ ಮೊದಲನೇ ರೂಪಾನ 1995ರಾಗ ಬ್ರೆಂಡನ್ ಐಕ್ ಅನ್ನಾಂವ ಹತ್ತು ದಿನದಾಗ ಕಟ್ಟಿದ್ದ. ಹತ್ತು ದಿನದಾಗ ನಮ್ಮಲ್ಲಿ ಮಾವಿನಕಾಯಿ ಉಪ್ಪಿನಕಾಯಿನೂ ಕಳಿಯಂಗಿಲ್ಲ.

ಇನ್ನ ಊರಿನ ಖಾನೆ. ಇದರಾಗ ಎರಡು ಅಕ್ಷರ ಒತ್ತಿದ್ರ ಕೆಳಗ ಊರಿನ ಪಟ್ಟಿ ಇಳೀತೈತಿ, ಅದರಾಗಿಂದ ಆರಿಸಬೇಕು. ನಮ್ಮ ಚಿಗವ್ವ ಪೂರ್ತಿ ಬಿಜಾಪುರ ಅಂತ ಬರದಿದ್ಲು. ಪಟ್ಟಿನ ಬರಲಿಲ್ಲ. ಹುಡುಗ ಸರ್ಕಾರಿ ಹೆಸರಿನ ಪಟ್ಟಿ ತಂದು ಹಾಕಿದ್ದ, ಅದರಾಗ ಇರೂದು ವಿಜಯಪುರ. 2014ರ ನವೆಂಬರ್ 1ಕ್ಕ ಹನ್ನೆರಡು ಊರಿನ ಹೆಸರು ಬದಲಾದವಲ್ಲ, ಬೆಳಗಾವಿ, ಕಲಬುರಗಿ, ವಿಜಯಪುರ, ಹುಬ್ಬಳ್ಳಿ ಎಲ್ಲಾ. ಇಂಗ್ಲೀಷಿನ್ಯಾಗ ಹಳೇ ಥರಾ ಹುಬ್ಲಿ ಅಂತ ಒತ್ತಿದವರಿಗೂ ಇದ ಗತಿ. ಚಿಗವ್ವಗ ಸರ್ಕಾರ ಏನ ಅಂದ್ರೂ ತವರ ಮನಿ ಬಿಜಾಪುರನ. ಈಗ ಎರಡೂ ಹೆಸರು ಪಟ್ಟಿಯಾಗ ಅದಾವ.

ಇದಕ್ಕಿಂತ ಕೆಟ್ಟದ್ದು ಏನಂದ್ರ, ಪಟ್ಟಿಯಾಗಿಂದ ಆರಿಸದ ಬರೇ ಬರದು ಬಿಟ್ರ ಖಾನ್ಯಾಗ "ಧಾರವಾಡ" ಅಂತ ಕಾಣತೈತಿ, ಆದ್ರ ಒಳಗ ಏನೂ ಹೋಗಂಗಿಲ್ಲ. ಯಾಕಂದ್ರ ಆರಿಸಿದಾಗ ಹಿಂದ ಕಾಣದಂಗ ಒಂದು ನಂಬರ್ ಕುಂದ್ರತೈತಿ, ವ್ಯವಹಾರ ಎಲ್ಲಾ ಆ ನಂಬರಿಂದು. ಎಲ್ಲೇ ಫಾರ್ಮ್ ತುಂಬಿದ್ರೂ ಇದೊಂದು ನೆನಪಿಡ್ರಿ: ಪಟ್ಟಿ ಇಳದ್ರ ಬರಿಯೂದು ಅಲ್ಲ, ಒತ್ತಿ ಆರಿಸೂದು.

ಒತ್ತಿದ್ರೂ ಬರಲಾರದ್ದು ಒಂದಿತ್ತು. ಹಿಂದಿನ ಓಣಿ ಕಾಕು ಮಗನ ಲ್ಯಾಪ್‌ಟಾಪಿನ್ಯಾಗ ತುಂಬತಾರ. ಅವರು ಮೌಸ್ ಒತ್ತೂದಂದ್ರ ಕಡುಬಿನ ಅಂಚು ಒತ್ತಿದಂಗ, ನಿಧಾನಕ, ಗಟ್ಟಿಯಾಗಿ. ಒತ್ತಿ ಬಿಡೂದರಾಗ ಪಟ್ಟಿ ಮಾಯ. ಹುಡುಗ ಬಂದು ಅದ ಮೌಸಿಲೆ ಟಕ್ ಅಂತ ಒತ್ತಿದ, ಬಂತು. "ನನಗ ಬರತೈತಲ್ಲ ಅತ್ತಿ" ಅಂದ. ನಾನು "ಕಾಕು ಒತ್ತಿದಂಗ ಒತ್ತು" ಅಂದೆ. ಒತ್ತಿ ಹಿಡಿದ, ಪಟ್ಟಿ ಹೋತು, ಅವನ ಮಾರಿ ನೋಡಬೇಕಾಗಿತ್ತು.

ಆಗಿದ್ದೇನಂದ್ರ, ಖಾನೆ ಬಿಟ್ಟು ಬ್ಯಾರೆ ಕಡೆ ಮೌಸ್ ಒತ್ತಿದ ಕೂಡಲೇ ಪಟ್ಟಿ ಮುಚ್ಚು ಅಂತ ಬರದಿದ್ದ. ಪಟ್ಟಿ ಮ್ಯಾಲೆ ಒತ್ತಿದ್ರೂ ಖಾನೆ ಬಿಟ್ಟಂಗನ ಲೆಕ್ಕ. ಅದಕ್ಕಂತ ಮುಚ್ಚೂ ಮೊದಲ ಇನ್ನೂರು ಮಿಲಿಸೆಕೆಂಡ್ ತಡಿ ಅಂತ ಇಟ್ಟಿದ್ದ. ಇನ್ನೂರು ಮಿಲಿಸೆಕೆಂಡ್ ಅಂದ್ರ ಒಂದು ಸೆಕೆಂಡಿನ ಐದನೇ ಪಾಲು. ಹುಡುಗನ ಬೆರಳಿಗೆ ಸಾಕು. ಕಾಕು ಬೆರಳಿಗೆ ಸಾಲಂಗಿಲ್ಲ. ಮೌಸ್ ಬಿಟ್ಟ ಮ್ಯಾಲೆ ಅಲ್ಲ, ಒತ್ತಿದ ಗಳಿಗ್ಯಾಗನ ಆರಿಸಿಕೊ ಅಂತ ತಿದ್ದಿಸಿದೆ. ತಡೆಯೂ ಮಾತ ಬೇಕಾಗಲಿಲ್ಲ. ನಲವತ್ತು ವರ್ಷ ಕಡಬು ಒತ್ತಿದ ಬೆರಳಿಗೆ "ಲಗೂನ ಒತ್ತ್ರಿ" ಅಂತ ಕಲಿಸೂದಕ್ಕಿಂತ ಇದು ಸುಲಭ ಅಲ್ಲೇನ್ರಿ?

ನೆಟ್‌ವರ್ಕ್ ಸರಿ ಇಲ್ಲದ ಹಳ್ಳ್ಯಾಗ ಇನ್ನೊಂದು ಆಟ. ನಾಕು ಅಕ್ಷರ ಬರದಿರತೀರಿ, ಪಟ್ಟಿ ಮಾತ್ರ ಮೊದಲನೇ ಎರಡು ಅಕ್ಷರದ್ದ ತೋರಸತೈತಿ. ಅಂಗಡಿಗೆ ಮೊದಲ ಒಬ್ಬ ಹುಡುಗನ್ನ, ಆಮ್ಯಾಲೆ ಇನ್ನೊಬ್ಬನ್ನ ಕಳಿಸಿದ್ರ, ಮೊದಲ ಹೋದಾಂವ ದಾರ್‍ಯಾಗ ಗೋಲಿ ಆಡಿ ಕಡೀಕ ಬಂದಂಗ. ಕಡೀಕ ಬಂದಾಂವ ಕೊಟ್ಟದ್ದ ಖರೆ ಅಂತ ಪೇಜ್ ತಿಳಕೊಂತೈತಿ. ಹಳೇ ಉತ್ತರ ಬಂದ್ರ ಬಿಸಾಕು ಅಂತ ಬರದ್ರ ಮುಗೀತು.

ಮೊಬೈಲ್ ನಂಬರಿಂದು ಹೆಚ್ಚಿಗೇನಿಲ್ಲ. ಮಗಳು ಕಳಸಿದ ನಂಬರ್ ಕಾಪಿ ಮಾಡಿ ಅಂಟಸಿದ್ರ ಮುಂದ ಕೂಡಿಸೂ ಚಿಹ್ನೆ, 91, ಒಂದು ಖಾಲಿ ಜಾಗಾ ಸುದ್ದಾ ಬರತಾವ. ಖಾನ್ಯಾಗ ಹತ್ತಕ್ಕ ಮಿತಿ ಇರತೈತಿ, ಹಿಂದಿನ ಅಂಕಿ ಕತ್ತರಿಸಿ ಹೋಗತಾವ. ಹಂಗ, ಹೆಸರು ಬರದಾಗ ಕೀಬೋರ್ಡ್ ತೋರಿಸಿದ ಶಬ್ದ ಒತ್ತಿದ್ರ ಕೊನಿಗೆ ಒಂದು ಖಾಲಿ ಜಾಗಾ ತಾನ ಸೇರತೈತಿ, ಕಣ್ಣಿಗೆ ಕಾಣಂಗಿಲ್ಲ. ಕೆಂಪು ಅಕ್ಷರ ಬಂದು ಕಾರಣ ತಿಳೀಲಿಲ್ಲ ಅಂದ್ರ ಮೊದಲ ಕೊನೀಗೆ ಹೋಗಿ ಒಮ್ಮೆ ಅಳಿಸಿ ನೋಡ್ರಿ.

ಇನ್ನ ಗಂಡಸರ ಹೆಸರಿಂದು. ಆ ನಾಕು ಆರ್ಡರ್ ಗಂಡಸರು ಮಾಡಿದ್ದಲ್ಲ. ನಾಕೂ ಹೆಣ್ಣಮಕ್ಕಳ ಮಾಡಿದ್ದು. ಫೋನು ಗಂಡಂದು, ಇಲ್ಲಾ ಮಗ ಬಳಸಿ ಕೊಟ್ಟದ್ದು. ಯಾವಾಗೋ ಒಮ್ಮೆ ಅವರು ಎಲ್ಲೋ ವಿಳಾಸ ತುಂಬಿದ್ದನ್ನ ಬ್ರೌಸರ್ ನೆನಪಿಟ್ಟು ನಮ್ಮ ಫಾರ್ಮಿನ್ಯಾಗೂ ತಾನ ತುಂಬತೈತಿ. ಅದನ್ನ ಅಳಿಸಿ ತನ್ನ ಹೆಸರು ಬರಿಯಾಕ ಹೋದವರಿಗೆ ಖಾನೆ ಗುಣಿತದ ಜಗಳಾ ತಗೀತು. ಗಂಡನ ಹೆಸರು ಇಂಗ್ಲೀಷಿನ್ಯಾಗ ಇತ್ತು, ಅದಕ್ಕ ಜಗಳಾ ಇಲ್ಲ. ಅವರ ಹೆಸರ ಇರಲಿ ಬಿಡು ಅಂತ ಕಳಿಸಿದ್ರು. ಹೆಣ್ಣಮಕ್ಕಳ ಹೆಸರು ಕಾಗದದಿಂದ ಹೆಂಗ ಜಾರತಾವ ಅಂತ ನಾನು ಬ್ಯಾರೆ ಎಲ್ಲೂ ಇಷ್ಟು ಸ್ಪಷ್ಟ ನೋಡಿಲ್ಲ.

ಮೂಲಿಮನಿ ಅಕ್ಕಾರು ಪ್ರತಿ ವರ್ಷ ವೈನಿ ಕಡೆ ಐವತ್ತು ರೊಟ್ಟಿ ತಗೋತಿದ್ರು. ಈ ಸಲ ಸುದ್ದಿನ ಇಲ್ಲ. ಬ್ಯಾರೆ ಕಡೆ ಹೇಳ್ಯಾರೇನೋ ಅಂತ ವೈನಿ ಮಾರಿ ಸಣ್ಣದ ಮಾಡಿಕೊಂಡಿದ್ರು. ನಾನು ಹೋಗಿ ಬಾಜೂಕ ಕುಂತೆ. ಅವರು ಪೇಜ್ ತಗದ್ರು, ಹೆಸರಿನ ಖಾನೆ ಮುಟ್ಟಿದ್ರು, ಕೆಳಗ ಅವರ ಯಜಮಾನರ ಹೆಸರು ಬಂತು. ಅವರು ಹೋಗಿ ಎರಡು ವರ್ಷ ಆತು. ಫೋನು ಅವರದ. ಅಕ್ಕಾರು ಬೆರಳು ಹಂಗ ಹಿಡಕೊಂಡು ಕುಂತ್ರು, ಆಮ್ಯಾಲೆ ಪೇಜ್ ಮುಚ್ಚಿದ್ರು. "ದಿನಾ ಹಿಂಗ ಆಗತೈತಿ ನೋಡವಾ" ಅಂದ್ರು. ಅಷ್ಟ.

ಆ ಹೆಸರು ತಗಿಯೂದು ಕಠಿಣ ಅಲ್ಲ. ಬ್ರೌಸರಿನ ಸೆಟ್ಟಿಂಗ್ಸಿನ್ಯಾಗ ವಿಳಾಸದ ಪಟ್ಟಿ ಇರತೈತಿ, ಅಲ್ಲಿ ಹೋಗಿ ಅಳಿಸಿದ್ರ ಆತು. ನಾನು "ತಗೀಲೇನ್ರಿ ಅಕ್ಕಾ?" ಅಂತ ಕೇಳಿದೆ. ಭಾಳ ಹೊತ್ತು ವಿಚಾರ ಮಾಡಿ "ಬ್ಯಾಡ" ಅಂದ್ರು. ಅದಕ್ಕ ಅದನ್ನ ಮುಟ್ಟಲಿಲ್ಲ. ಅದ ಪಟ್ಟಿಯಾಗ ಅಕ್ಕಾರ ಹೆಸರು, ಅವರ ವಿಳಾಸ, ಅವರ ನಂಬರ್ ಹೊಸದಾಗಿ ಸೇರಿಸಿದೆ. ಈಗ ಖಾನೆ ಮುಟ್ಟಿದ್ರ ಎರಡೂ ಹೆಸರು ಬರತಾವ, ಅವರು ತಮ್ಮದನ್ನ ಒತ್ತತಾರ. ಆ ದಿನಾ ಐವತ್ತು ಸಜ್ಜಿ ರೊಟ್ಟಿ ಬರದ್ರು.

ಇದನ್ನ ಕೇಳಿ ಹುಡುಗ, ತಾನ ತುಂಬೂದನ್ನ ಬಂದ್ ಮಾಡಿ ಬಿಡೂನೇನು ಅಂದ. ನಾ ಬ್ಯಾಡಂದೆ. ಬಂದ್ ಅಂತ ಬರದ್ರೂ ಬ್ರೌಸರ್ ಎಲ್ಲಾ ಸಲ ಕೇಳಂಗಿಲ್ಲ. ಕೇಳಿದ್ರೂ, ಮಂಡಿ ನೋವು ಇದ್ದಾಕಿಗೆ ಮೆಟ್ಟಲಾ ಕಟ್ಟಿದಂಗ, ಎಲ್ಲಾ ವಿಳಾಸ ಮತ್ತ ಮೊದಲಿಂದ ಬರೀಬೇಕಾಗತೈತಿ. ಬದಲಿಗೆ ಯಾವ ಖಾನೆ ಯಾತರದು ಅಂತ ಬ್ರೌಸರಿಗೆ ನೆಟ್ಟಗ ಹೇಳಬೇಕು: ಇದು ಹೆಸರು, ಇದು ಫೋನ್, ಇದು ಪಿನ್‌ಕೋಡ್. ಹುಡುಗ ಖಾನೆಗಳಿಗೆ ಒಳಗ "ಫೀಲ್ಡ್ ಒಂದು, ಫೀಲ್ಡ್ ಎರಡು" ಅಂತ ಹೆಸರಿಟ್ಟಿದ್ದ. ಅದ ಹೆಸರಿನ ಖಾನೆ ಬ್ಯಾರೆ ಎಲ್ಲೋ ಇದ್ದು, ಅಲ್ಲಿ ತುಂಬಿದ್ದನ್ನ ಬ್ರೌಸರ್ ತಂದು ಇಲ್ಲಿ ತೋರಸತಿತ್ತು. ಒಬ್ಬಾಕಿಗೆ ಹೆಸರು ಬರಿಯೂವಲ್ಲಿ ಆಕಿ ಗ್ಯಾಸಿನ ನಂಬರ್ ಬರತಿತ್ತು!

ಲ್ಯಾಪ್‌ಟಾಪಿನ್ಯಾಗ ಹಿಂಗ ಬ್ಯಾಡಾದ ಹಳೇ ಸಾಲು ಬಂದ್ರ ಕೆಳಗಿನ ಬಾಣದ ಕೀಲಿ ಒತ್ತಿ ಅದರ ಮ್ಯಾಲೆ ಹೋಗಿ, ಶಿಫ್ಟ್ ಹಿಡದು ಡಿಲೀಟ್ ಒತ್ತ್ರಿ, ಹೋಗತೈತಿ. ಇನ್ನ, ಖಾನೆ ಎಲ್ಲಾ ತುಂಬಿದಂಗ ಕಾಣತೈತಿ ಆದ್ರ ಕಳಸೂ ಗುಂಡಿ ಬೂದಿ ಬಣ್ಣದಾಗ ಸತ್ತಂಗ ಕುಂತೈತಿ ಅಂದ್ರ ಗಾಬರಿ ಆಗಬ್ಯಾಡ್ರಿ. ನೀವು ಕೀಲಿ ಒತ್ತೂದನ್ನ ಮಾತ್ರ ಆ ಪೇಜ್ ಎಣಸಾಕ ಹತ್ತಿರತೈತಿ, ಬ್ರೌಸರ್ ತಾನ ತುಂಬಿದ್ದು ಅದಕ್ಕ ಗೊತ್ತಾಗಿರಂಗಿಲ್ಲ. ಒಂದೊಂದ ಖಾನ್ಯಾಗ ಒಂದು ಅಕ್ಷರ ಬರದು ಅಳಸ್ರಿ, ಗುಂಡಿಗೆ ಜೀವ ಬರತೈತಿ. ಮತ್ತ ಮನಿ ಮಂದಿಗೆಲ್ಲಾ ಒಂದ ಫೋನ್ ಇದ್ರ, ಇಲ್ಲಾ ಪ್ಯಾಟಿ ಸೈಬರ್ ಅಂಗಡ್ಯಾಗ ಕುಂತಿದ್ರ, "ಉಳಿಸಲೇ?" ಅಂತ ಕೇಳಿದಾಗ ಕಾರ್ಡಿನ ನಂಬರಿಗೆ ಬ್ಯಾಡ ಅನ್ರಿ.

ಎಷ್ಟು ರೊಟ್ಟಿ ಅನ್ನೂ ಖಾನೆ ಇನ್ನೂ ಪೂರಾ ಸರಿ ಆಗಿಲ್ಲ. ಅದು ಅಂಕಿ ಖಾನೆ. ಲ್ಯಾಪ್‌ಟಾಪಿನ್ಯಾಗ ಅದರಾಗ 50 ಬರದು, ಕೈ ತಗೀದ ಕೆಳಗ ಏನೈತಿ ನೋಡೂನಂತ ಮೌಸಿನ ಗಾಲಿ ತಿರವಿದ್ರ ಪೇಜ್ ಸರಿಯೂ ಬದಲಿ 50 ಇದ್ದದ್ದು 47 ಆಗತೈತಿ. ಕನ್ನಡದ ಅಂಕಿ ಬರದ್ರಂತೂ ತಗೊಳ್ಳಂಗೇ ಇಲ್ಲ. ಹುಡುಗ ಪರೀಕ್ಷಾ ಮುಗಿಸಿ ಬಂದು ತಿದ್ದತೀನಿ ಅಂದಾನ. ಅಲ್ಲೀ ಮಟ, ಆರ್ಡರ್ ನಲವತ್ತೇಳು, ನಲವತ್ತೆಂಟು ಹಿಂಗ ವಿಚಿತ್ರ ಬಂದ್ರ ವೈನಿ ಕೈ ತೊಳಕೊಂಡು ಫೋನ್ ಮಾಡಿ ಕೇಳತಾರ.